ಮಕ್ಕಳ ಆಸ್ಪತ್ರೆಯ ದೊಡ್ಡ ಸಿಸ್ಟರ್

ಡೊಂಬಿವಿಲಿಯ ನಮ್ಮ ಹಳೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಮನೆ ಖಾಲಿ ಮಾಡಲೆಂದು ಅಡುಗೆಮನೆಯ ಅಟ್ಟದಿಂದ ಪಾತ್ರೆ ಇಳಿಸುತ್ತಿದ್ದಾಗ, ಹಳೆಯ ಕುಕ್ಕರೊಂದರ ಒಳಗಿಂದ ಅಂಗೈಗಿಂತ ಚಿಕ್ಕದಾದ ಸ್ಟೀಲ್ ಬಟ್ಟಲು ಉರುಳಿ ಬಿತ್ತು. ಅದರ ಒಂದು ಬದಿಗೆ ಹಕ್ಕಿಯ ಕೊಕ್ಕಿನ ಹಾಗೆ ಚಾಚಿದ ಮೂತಿ. ನನ್ನ ಅಜ್ಜಿ ಇಂಥದ್ದನ್ನು ಒಳಲೆ ಎನ್ನುತ್ತಿದ್ದರು. ಚೀಪಲು ಶಕ್ತಿಯಿಲ್ಲದ ಕೂಸಿಗೆ ತಾಯಿಯ ಹಾಲನ್ನು ಹನಿಹನಿಯಾಗಿ ಕುಡಿಸುವ ಬಟ್ಟಲು. ಅದನ್ನು ಹಿಡಿದು ನೆಲದ ಮೇಲೆ ಕುಳಿತವಳು ಎಷ್ಟು ಹೊತ್ತು ಹಾಗೇ ಇದ್ದೆನೋ... ಪ್ಯಾಕಿಂಗಿನವರು ಬೆಲ್ ಮಾಡಿದ್ದೂ ಕೇಳಿಸಲಿಲ್ಲ.

ಆ ಬಟ್ಟಲನ್ನು ನನ್ನ ಕೈಗೆ ಕೊಟ್ಟವರು ಕಲ್ಯಾಣದ ಮಕ್ಕಳ ಆಸ್ಪತ್ರೆಯ ಹೆಡ್ ನರ್ಸ್. ಅಲ್ಲಿ ಎಲ್ಲರೂ ಅವರನ್ನು ಮರಾಠಿಯಲ್ಲಿ ಮೋಠ್ಯಾ ಸಿಸ್ಟರ್ ಎನ್ನುತ್ತಿದ್ದರು. ನನಗೆ ಅವರು ದೊಡ್ಡ ಸಿಸ್ಟರ್. ನಿಜಕ್ಕೂ ಅವರ ಎತ್ತರ ಐದಡಿಯೂ ಇರಲಿಲ್ಲ. ಗೋಡೆಯ ಗಡಿಯಾರಕ್ಕೆ ಸೆಲ್ ಹಾಕಲು ಸ್ಟೂಲಿನ ಮೇಲೆ ಇನ್ನೊಂದು ಸ್ಟೂಲ್ ಇಡಬೇಕಾಗುತ್ತಿತ್ತು.

ಎರಡು ಸಾವಿರದ ಐದನೇ ಇಸವಿ. ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿಬಿಟ್ಟಳು. ಹೆರಿಗೆಯಾದ ನರ್ಸಿಂಗ್ ಹೋಮಿನವರು ಆ ಕ್ಷಣವೇ ಅವಳನ್ನು ಕಲ್ಯಾಣಕ್ಕೆ ಕಳಿಸಿದರು. ನಾನು ನಾಲ್ಕನೆಯ ದಿನ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅಲ್ಲಿಗೆ ಹೋದಾಗ, ಗಾಜಿನ ಪೆಟ್ಟಿಗೆಯೊಳಗೆ ನನ್ನ ಮುಂಗೈಯಷ್ಟೇ ಉದ್ದದ ಒಂದು ಜೀವ ಮಲಗಿತ್ತು. ಮುಟ್ಟಲು ಹೆದರಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ದಿನಾ ಹೋಗುತ್ತಿದ್ದೆ, ದಿನಾ ಹಾಗೇ ನಿಲ್ಲುತ್ತಿದ್ದೆ. ದೊಡ್ಡ ಸಿಸ್ಟರ್ ಒಂದು ವಾರ ನೋಡಿದರು. ನಾನು ಕನ್ನಡದವಳೆಂದು ಅವರಿಗೆ ಗೊತ್ತಾಗಿದ್ದು, ನಾನು ಮೂಲೆಯಲ್ಲಿ ನಿಂತು ಅಮ್ಮನಿಗೆ ಫೋನಿನಲ್ಲಿ ಅಳುತ್ತ ಮಾತಾಡಿದ ದಿನ. ಫೋನ್ ಇಟ್ಟೊಡನೆ ಬಂದು ಪಕ್ಕದಲ್ಲಿ ನಿಂತರು.

"ಕೂಸಿಗೆ ಪೆಟಿಗಿ ಸಾಕಾಗೇತಿ, ಅವ್ವ ಬೇಕಾಗ್ಯಾಳ. ಅಂಜಬ್ಯಾಡ್ರಿ, ಅದು ಗಾಜಿನ ಸಾಮಾನಲ್ಲ" ಎಂದರು.

ನನ್ನನ್ನು ಕುರ್ಚಿಯಲ್ಲಿ ಒರಗಿಸಿ, ಕೂಸನ್ನು ಬರಿಮೈಯಲ್ಲೇ ನನ್ನ ಎದೆಗೆ ಒತ್ತಿಟ್ಟು, ಮೇಲಿಂದ ಮೆತ್ತನೆಯ ಬಟ್ಟೆ ಕಟ್ಟಿದರು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಬೆರಳ ತುದಿಯಷ್ಟು ಜಾಗದಲ್ಲಿ ಬಿಸಿ ಉಸಿರು ತಾಗಿತು... ಆವತ್ತು ನಾನು ತಾಯಿಯಾದೆ ಅಂದುಕೊಂಡಿದ್ದೇನೆ.

ದೊಡ್ಡ ಸಿಸ್ಟರ್ ವಿಜಯಪುರದ ಕಡೆಯ ಹಳ್ಳಿಯವರು. ನರ್ಸಿಂಗ್ ಕಲಿತು ನೇರ ಕಲ್ಯಾಣಕ್ಕೆ ಬಂದಾಗ ಆ ಆಸ್ಪತ್ರೆ ಎಂದರೆ ಒಂದು ಹಿಟ್ಟಿನ ಗಿರಣಿಯ ಮೇಲಿನ ಮೂರು ಕೋಣೆ. ಡಾಕ್ಟರ್ ದಂಪತಿ ಶುರು ಮಾಡಿದ್ದು. ಗಿರಣಿ ತಿರುಗಿದರೆ ಮಂಚಗಳೆಲ್ಲ ಸಣ್ಣಗೆ ನಡುಗುತ್ತಿದ್ದವಂತೆ. ಮಕ್ಕಳು ಆ ತೂಗಾಟಕ್ಕೆ ಎಷ್ಟು ಒಗ್ಗಿಕೊಂಡಿದ್ದರೆಂದರೆ, ಗಿರಣಿಗೆ ರಜೆ ಬಂದ ದಿನ ಇಡೀ ವಾರ್ಡು ಅಳುತ್ತಿತ್ತಂತೆ. ಅದಕ್ಕೂ ಮೊದಲು ಈ ಕಡೆಯ ಎಳೆಗೂಸುಗಳಿಗೆ ಉಸಿರಿನ ತೊಂದರೆಯಾದರೆ ಲೋಕಲ್ ಟ್ರೇನ್ ಹತ್ತಿಸಿ ಮುಂಬಯಿಗೇ ಒಯ್ಯಬೇಕಿತ್ತು. ಎಷ್ಟೋ ಕೂಸುಗಳು ಠಾಣೆ ದಾಟುವುದರೊಳಗೆ... ಆ ಮಾತು ಬಂದಾಗ ಅವರು ಅಷ್ಟಕ್ಕೇ ನಿಲ್ಲಿಸುತ್ತಿದ್ದರು. ನಾನು ಕಂಡಾಗ ಅದು ನಾಲ್ಕು ಮಹಡಿಯ ಆಸ್ಪತ್ರೆ. ಭಿವಂಡಿಯ ಮಗ್ಗದವರು, ದಿವಾದ ಚಾಳಿನವರು, ಅಂಬರನಾಥದ ಕಾರ್ಖಾನೆಯವರು, ನಮ್ಮಂಥ ಹೋಟೆಲಿನವರು, ಎಲ್ಲರ ಮಕ್ಕಳೂ ಒಂದೇ ಸಾಲಿನಲ್ಲಿ ಮಲಗುತ್ತಿದ್ದರು.

ಆ ಜುಲೈ ತಿಂಗಳ ಮಹಾಮಳೆ ಈ ಕಡೆಯವರಿಗೆ ಯಾರಿಗೂ ಮರೆತಿಲ್ಲ. ಆ ಮಧ್ಯಾಹ್ನ ನನ್ನ ಮಾವ ನನಗೆ ಊಟದ ಡಬ್ಬಿ ತಂದಿದ್ದರು. ಮಾವನಿಗೆ ಆಗ ಅರವತ್ತಾರು. ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಹೋಟೆಲಿನ ಗಲ್ಲಾದಲ್ಲಿ ಜೀವನ ಕಳೆದವರು. ಬಿಳಿ ಅಂಗಿ, ಬಿಗಿದ ಮುಖ. ತಮ್ಮ ಮಗನನ್ನೇ ಎತ್ತಿ ಆಡಿಸಿದವರಲ್ಲ ಎಂದು ಅತ್ತೆ ಹೇಳುತ್ತಿದ್ದರು. ಡಬ್ಬಿ ಕೊಟ್ಟು ಹೊರಡುವಷ್ಟರಲ್ಲಿ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಟ್ರೇನ್ ನಿಂತಿತು. ನನ್ನ ಗಂಡ ವಾಶಿಯ ಆಫೀಸಿನಲ್ಲೇ ಸಿಕ್ಕಿಬಿದ್ದರು. ಸ್ವಲ್ಪ ಹೊತ್ತಿಗೆ ಲೈಟ್ ಹೋಯಿತು. ಹಿತ್ತಿಲಲ್ಲಿದ್ದ ಜನರೇಟರ್ ಒಳಗೂ ನೀರು ನುಗ್ಗಿ ಅದೂ ಕೆಮ್ಮಿ ಸುಮ್ಮನಾಯಿತು.

ಮೂರನೆಯ ಮಹಡಿಯಲ್ಲಿ ಐದು ಗಾಜಿನ ಪೆಟ್ಟಿಗೆಗಳು ತಣ್ಣಗಾಗತೊಡಗಿದವು. ಅಲ್ಲಿ ಇದ್ದ ತಾಯಂದಿರು ಇಬ್ಬರೇ, ನಾನು ಮತ್ತು ಇನ್ನೊಬ್ಬಳು. ನಮ್ಮ ಕೂಸುಗಳು ನಮ್ಮ ಎದೆ ಸೇರಿದವು. ಉಳಿದ ಮೂವರ ತಾಯಂದಿರು ನೀರಿನಾಚೆ. ಡಾಕ್ಟರು ಕೆಳಗಿನ ವಾರ್ಡಿನ ಮಕ್ಕಳನ್ನು ಮೇಲೆ ಸಾಗಿಸುತ್ತಿದ್ದರು. ದೊಡ್ಡ ಸಿಸ್ಟರ್ ಒಂದು ಕೂಸನ್ನು ದುಪಟ್ಟಾದಿಂದ ತಮ್ಮ ಎದೆಗೇ ಕಟ್ಟಿಕೊಂಡು ಓಡಾಡತೊಡಗಿದರು. ಇನ್ನೊಂದನ್ನು ವಾಚ್‌ಮನ್‌ಗೆ ಕೊಟ್ಟರು. ಐದನೆಯದು ಭಿವಂಡಿಯ ಪವರ್‌ಲೂಮ್ ಕೆಲಸಗಾರನೊಬ್ಬನ ಮಗಳು, ಎಲ್ಲರಿಗಿಂತ ಸಣ್ಣವಳು. ಉಸಿರಾಡುವುದನ್ನೇ ನಡುನಡುವೆ ಮರೆಯುತ್ತಿದ್ದಳು. ಅವಳನ್ನು ಕೈಯಲ್ಲಿ ಹಿಡಿದು ಸಿಸ್ಟರ್ ಸುತ್ತ ನೋಡಿದರು. ಬಾಗಿಲಲ್ಲಿ ಖಾಲಿ ಡಬ್ಬಿ ಹಿಡಿದು ನನ್ನ ಮಾವ ನಿಂತಿದ್ದರು.

"ಅಜ್ಜಾರ, ಅಂಗಿ ತೆಗೀರಿ. ನಿಮ್ಮ ಎದಿ ಬೇಕಾಗೇತಿ."

ಮಾವ ನನ್ನ ಕಡೆ ತಿರುಗಿ, ಈಕೆ ಏನು ಹೇಳುತ್ತಿದ್ದಾಳೆಂದು ತುಳುವಿನಲ್ಲಿ ಕೇಳಿದರು. ಹೇಳಿದೆ. ಅವರ ಮುಖ ಕೆಂಪಾಯಿತು.

"ನಂಗೆ ಇದೆಲ್ಲ ಗೊತ್ತಿಲ್ಲ ಮಾರಾಯ್ತಿ. ನಾನು ಹೋಟೆಲಿನವ."

"ಬಿಸಿ ಆರದಂಗ ಇಡೂದು ಹೋಟೆಲಿನವ್ರಿಗೆ ಗೊತ್ತಿಲ್ಲಂದ್ರ ಮತ್ಯಾರಿಗ್ರಿ ಗೊತ್ತು?"

ಮಾವ ಅಂಗಿ ತೆಗೆದರು. ಅದನ್ನು ನೀಟಾಗಿ ಮಡಚಿ ಕಿಟಕಿಯ ಮೇಲಿಟ್ಟರು. ಬಿಳಿಗೂದಲಿನ ಆ ಅಗಲ ಎದೆಯ ಮೇಲೆ ಕೂಸು ಒಂದು ಎಲೆಯಂತೆ ಅಂಟಿಕೊಂಡಿತು. ಅದರ ಬೆನ್ನು ಆಡುವುದು ನಿಂತರೆ ಅಂಗಾಲಿಗೆ ಬೆರಳಿನಿಂದ ತಟ್ಟಬೇಕು, ಏನಾದರೂ ಮಾತಾಡುತ್ತಲೇ ಇರಬೇಕು, ದನಿ ಕೇಳಿದರೆ ಅದಕ್ಕೆ ಧೈರ್ಯ ಎಂದು ಸಿಸ್ಟರ್ ಹೇಳಿಕೊಟ್ಟರು. ಎಳೆಗೂಸಿನ ಹತ್ತಿರ ಏನು ಮಾತಾಡುವುದು? ಮಾವನಿಗೆ ಜೋಗುಳ ಬರದು, ಕತೆ ಬರದು. ಸ್ವಲ್ಪ ಹೊತ್ತು ಗಂಟಲು ಸರಿಮಾಡಿಕೊಂಡು, ಕೊನೆಗೆ ತಮಗೆ ಬಾಯಿಪಾಠವಿದ್ದ ಒಂದನ್ನೇ ಶುರುಮಾಡಿದರು.

"ಇಡ್ಲಿ, ವಡಾ, ಇಡ್ಲಿ-ವಡಾ ಮಿಕ್ಸ್, ಸಾದಾ ದೋಸಾ, ಮಸಾಲಾ ದೋಸಾ, ಮೈಸೂರ್ ಸಾದಾ, ಮೈಸೂರ್ ಮಸಾಲಾ..."

ವಾಚ್‌ಮನ್ ಮೊದಲು ನಕ್ಕ. ಆಮೇಲೆ ನಾನು, ನನ್ನ ಪಕ್ಕದವಳು. ನಕ್ಕರೆ ಎದೆಯ ಮೇಲಿನ ಕೂಸುಗಳು ಕುಲುಕುತ್ತವೆಂದು ತುಟಿ ಕಚ್ಚಿಕೊಂಡೆವು. ಮಾವ ಮಾತ್ರ ನಗಲಿಲ್ಲ. ಉತ್ತಪ್ಪ ಮುಗಿಸಿ ಪೂರಿ-ಭಾಜಿಗೆ ಬಂದಾಗ ಅವರ ದನಿ ಥಟ್ಟನೆ ನಿಂತಿತು. ಕೂಸಿನ ಬೆನ್ನು ಆಡುತ್ತಿರಲಿಲ್ಲ. ಮಾವ ಅಂಗಾಲಿಗೆ ತಟ್ಟಿದರು. ಮತ್ತೆ ತಟ್ಟಿದರು. ಸಿಸ್ಟರ್ ಎರಡೇ ಹೆಜ್ಜೆಗೆ ಹತ್ತಿರ ಬಂದರು, ಆದರೆ ಕೂಸನ್ನು ಕಸಿದುಕೊಳ್ಳಲಿಲ್ಲ. ಮಾವನ ಕೈಯ ಮೇಲೆ ತಮ್ಮ ಕೈಯಿಟ್ಟು, ಇನ್ನೊಮ್ಮೆ, ಸ್ವಲ್ಪ ಜೋರಾಗಿ ಎಂದರು. ಮೂರನೆಯ ಸಲಕ್ಕೆ ಕೂಸು ಮುಖ ಗಂಟಿಕ್ಕಿ, ಬೆಕ್ಕಿನ ಮರಿಯ ಹಾಗೆ ಸಿಟ್ಟಿನಿಂದ ಅತ್ತಿತು. ಮಾವನ ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಬಂತು. ಅದನ್ನು ಒರೆಸಲು ಕೈ ಬಿಡುವಿರಲಿಲ್ಲ. ಪೂರಿ-ಭಾಜಿಯಿಂದಲೇ ಮುಂದುವರಿಸಿದರು.

ಮರುದಿನ ಸಂಜೆ ಲೈಟ್ ಬಂತು. ಅಷ್ಟರವರೆಗೆ ಒಬ್ಬರಿಗೊಬ್ಬರು ಸರದಿ ಬದಲಿಸುತ್ತ ಐದು ಕೂಸುಗಳನ್ನೂ ಬಿಸಿಯಾಗಿಟ್ಟೆವು. ಐದೂ ಉಳಿದವು.

ಮೂರನೆಯ ದಿನ ಭಿವಂಡಿಯ ತಾಯಿ ಅರ್ಧ ದಾರಿ ಟೆಂಪೋದಲ್ಲಿ, ಅರ್ಧ ದಾರಿ ಕೆಸರಿನಲ್ಲಿ ನಡೆದು ಬಂದಳು. ಲೈಟ್ ಬಂದಿದ್ದರೂ ಮಾವ ಕೂಸನ್ನು ಪೆಟ್ಟಿಗೆಗೆ ಬಿಟ್ಟುಕೊಟ್ಟಿರಲಿಲ್ಲ. ಸಿಸ್ಟರ್ ಕೂಡ ಬೇಡವೆನ್ನಲಿಲ್ಲ. ಯಾರೋ ಮುದುಕನ ಎದೆಯ ಮೇಲೆ ತನ್ನ ಮಗಳನ್ನು ಕಂಡು ಆಕೆ ಬಾಗಿಲಲ್ಲೇ ನಿಂತಳು. ಮಾವ ಎದ್ದು, ಎರಡೂ ಕೈಯಲ್ಲಿ ಕೂಸನ್ನು ಒಪ್ಪಿಸಿ, ತಮ್ಮ ಹೋಟೆಲ್ ಹಿಂದಿಯಲ್ಲಿ "ಪೂರಾ ಮೆನು ಸೀಖ್ ಗಯೀ", ಇಡೀ ಮೆನು ಕಲಿತುಬಿಟ್ಟಳು, ಎಂದರು. ಆಕೆ ಅಳುತ್ತಲೇ ನಕ್ಕುಬಿಟ್ಟಳು. ದೊಡ್ಡ ಸಿಸ್ಟರ್ ಆ ಕಡೆ ತಿರುಗಿ, ಮಡಚಿದ್ದ ಬಟ್ಟೆಗಳನ್ನೇ ಮತ್ತೆ ಮಡಚತೊಡಗಿದರು.

ದೊಡ್ಡ ಸಿಸ್ಟರ್ ಕೈಗಿಟ್ಟ ಆ ಒಳಲೆಯ ಜೊತೆ ನನ್ನ ಮಗಳು ಮೂವತ್ತೆಂಟು ದಿನಕ್ಕೆ ಮನೆಗೆ ಬಂದಳು. ಆದರೆ ಮಾವ ಆಸ್ಪತ್ರೆ ಬಿಡಲಿಲ್ಲ. ಪ್ರತಿ ಮಂಗಳವಾರ ಗಲ್ಲಾವನ್ನು ಮ್ಯಾನೇಜರಿಗೆ ಒಪ್ಪಿಸಿ, ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಕಲ್ಯಾಣಕ್ಕೆ ಹೋಗುತ್ತಿದ್ದರು. ಸಿಸ್ಟರ್ ಡಾಕ್ಟರಿಗೆ ಹೇಳಿ ಮೂರನೆಯ ಮಹಡಿಯ ಕಿಟಕಿಯ ಹತ್ತಿರ ನಾಲ್ಕು ಆರಾಮಕುರ್ಚಿ ಹಾಕಿಸಿದ್ದರು. ತಾಯಿಗೆ ಬರಲಾಗದ ದಿನ ಅಪ್ಪ, ಅಜ್ಜ, ಮಾವ, ಯಾರಾದರೂ ಅಲ್ಲಿ ಅಂಗಿ ತೆಗೆದು ಕೂರಬೇಕು. ಮೊದಮೊದಲು ಗಂಡಸರು ನಾಚಿ ಕಾರಿಡಾರಿನಲ್ಲೇ ಸುತ್ತುತ್ತಿದ್ದರಂತೆ. ಆಗ ಸಿಸ್ಟರ್ ನನ್ನ ಮಾವನನ್ನು ತೋರಿಸಿ, ಆ ಅಜ್ಜನಿಗಿಂತ ನೀವು ದೊಡ್ಡ ಮನುಷ್ಯರೇ ಎಂದು ಕೇಳುತ್ತಿದ್ದರಂತೆ. ಮಾವ ಇದನ್ನು ಮನೆಯಲ್ಲಿ ಹೇಳಿ ಹೇಳಿ ನಮಗೆಲ್ಲ ಕಂಠಪಾಠವಾಗಿತ್ತು. ಮಂಡಿನೋವು ಮೆಟ್ಟಿಲು ಹತ್ತಲು ಬಿಡದಾಗುವವರೆಗೂ ಅವರು ಹೋದರು.

ಆಮೇಲಿನ ವರ್ಷಗಳಲ್ಲಿ ಆಸ್ಪತ್ರೆ ಪಕ್ಕದ ಕಟ್ಟಡಕ್ಕೂ ಹಬ್ಬಿತು. ಹೊಸ ಮಶೀನುಗಳು ಬಂದವು, ಹೊಸ ಡಾಕ್ಟರುಗಳು ಬಂದರು. ದೊಡ್ಡ ಸಿಸ್ಟರ್ ಕಲಿಸಿದ ಹುಡುಗಿಯರು ಠಾಣೆ, ನವಿ ಮುಂಬಯಿಯ ದೊಡ್ಡ ಆಸ್ಪತ್ರೆಗಳಿಗೆ ಸೇರಿ, ಅಲ್ಲೂ ಗಂಡಸರ ಅಂಗಿ ಬಿಚ್ಚಿಸುತ್ತಿದ್ದಾರೆ ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಮಾವ ತೀರಿಕೊಂಡಾಗ ಡೊಂಬಿವಿಲಿಗೆ ಬಂದು, ಸಂಜೆಯವರೆಗೆ ಅತ್ತೆಯ ಪಕ್ಕ ಕುಳಿತು ಹೋದರು. ನಿವೃತ್ತರಾದ ಮೇಲೆ ಊರಿಗೆ, ಅಣ್ಣನ ಮಗನ ಮನೆಗೆ ಹೋದರು. ವರ್ಷಕ್ಕೊಮ್ಮೆ ಮಗಳ ಹುಟ್ಟುಹಬ್ಬದಂದು ನಾನು ಫೋನ್ ಮಾಡುತ್ತಿದ್ದೆ. ಬಂದು ಹೋಗ್ರಿ ಎನ್ನುತ್ತಿದ್ದರು. ಬರುತ್ತೇನೆ ಎನ್ನುತ್ತಿದ್ದೆ... ಈ ವರ್ಷ ಮನೆ ಬದಲಿಸುವ ಗಡಿಬಿಡಿಯಲ್ಲಿ ಫೋನನ್ನೂ ಮಾಡಿರಲಿಲ್ಲ.

ಪ್ಯಾಕಿಂಗಿನವರು ಊಟಕ್ಕೆ ಹೋದಾಗ, ಕಟ್ಟಿದ ಗಂಟುಗಳ ನಡುವೆ ಕುಳಿತು ಆ ನಂಬರಿಗೆ ಫೋನ್ ಹಚ್ಚಿದೆ. ಎತ್ತಿದ್ದು ಗಂಡಸಿನ ದನಿ. ಅಣ್ಣನ ಮಗ. ದೊಡ್ಡ ಸಿಸ್ಟರ್ ತೀರಿಕೊಂಡು ನಾಲ್ಕು ತಿಂಗಳಾಯಿತು, ಹೆಚ್ಚು ನರಳಲಿಲ್ಲ ಎಂದ. ನೀವು ಯಾರು ಎಂದು ಕೇಳಿದ. ಏನೆಂದು ಹೇಳಲಿ? ಅವರ ಆಸ್ಪತ್ರೆಯಲ್ಲಿದ್ದ ಒಂದು ಮಗುವಿನ ತಾಯಿ ಎಂದೆ.

"ಹಂಗಂದ್ರ ತಿಳೀತ್ರಿ. ಕಲ್ಯಾಣ, ಭಿವಂಡಿ, ಎಲ್ಲೆಲ್ಲಿಂದೋ ಫೋನ್ ಬರ್ತಾವು. ಮಗಾ ಪಾಸಾದ, ಮಗಳು ಸೈಕಲ್ ಕಲಿತ್ಲು ಅಂತ ಹೇಳ್ತಾರ. ಅದಕ್ಕ ಅತ್ತಿ ಫೋನ್ ಬಂದ್ ಮಾಡಿಲ್ರಿ. ನೀವೂ ಏನರ ಹೇಳೂದಿತ್ತೇನು?"

ನಾಲ್ಕು ತಿಂಗಳು ತಡವಾಗಿತ್ತು. ಆದರೂ ಹೇಳಿದೆ. ಮಗಳು ಒಂಬತ್ತನೇ ಕ್ಲಾಸಿಗೆ ಬಂದಳು, ನನಗಿಂತ ಎರಡು ಬೆರಳು ಎತ್ತರ ಬೆಳೆದಿದ್ದಾಳೆ, ಶಾಲೆಯ ಕಬಡ್ಡಿ ಟೀಮಿನಲ್ಲಿ ಆಡುತ್ತಾಳೆ, ಒಂದೇ ಉಸಿರಿಗೆ ಎಷ್ಟು ಹೊತ್ತು ಬೇಕಾದರೂ ಕಬಡ್ಡಿ ಅನ್ನುತ್ತಾಳೆ ಎಂದೆ. ಆಚೆಯಿಂದ ಅವನು ಹೂಂ, ಹೂಂ ಎನ್ನುತ್ತ ಎಲ್ಲವನ್ನೂ ಕೊನೆಯವರೆಗೆ ಕೇಳಿಸಿಕೊಂಡ.