ಒಂಬತ್ತು ಲಕ್ಷಣಗಳು, ಒಂದು ಸುಳ್ಳು

ಸುಳ್ಳು ಹೇಳುವ ವಿದ್ಯೆಯಲ್ಲಿ ನಾನು ಪಳಗಿದವನಲ್ಲ. ನೆಂಟರ ಮನೆಯ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದ್ದರೂ ‘ಚೆನ್ನಾಗಿದೆ’ ಎಂದದ್ದುಂಟು. ಓದದ ಪುಸ್ತಕಕ್ಕೆ ತಲೆದೂಗಿದ್ದೂ ಉಂಟು. ಆದರೆ ಅಧ್ಯಾತ್ಮದ ವಿಷಯದಲ್ಲಿಯೇ ಸುಳ್ಳು ಹೇಳಿದ್ದು ಒಮ್ಮೆ ಮಾತ್ರ. ಅದೂ ಶ್ರಾವಣ ಸೋಮವಾರದಂದು, ಹಣೆಯ ತುಂಬ ವಿಭೂತಿ ಧರಿಸಿ, ಶಿವಮೊಗ್ಗದ ಕೋಟೆಯ ದೇವಸ್ಥಾನದ ಸಭಾಭವನದಲ್ಲಿ ನಲವತ್ತು ಮಂದಿ ಹಿರಿಯರ ಎದುರಿಗೆ. ಆ ಸುಳ್ಳನ್ನು ನಿಮ್ಮ ಮುಂದೆ ಒಪ್ಪಿಸಿಬಿಡುತ್ತೇನೆ.

ನಮ್ಮ ಹಿರಿಯರ ಸತ್ಸಂಗದಲ್ಲಿ ಶ್ರಾವಣದ ಸೋಮವಾರಗಳಂದು ಉಪನ್ಯಾಸ ನಡೆಯುವುದು ವಾಡಿಕೆ. ಉಪನ್ಯಾಸಕರು ಹೆಚ್ಚಾಗಿ ನಾನೇ; ನಿದ್ರಿಸುವವರು ಉಳಿದವರೆಲ್ಲರೂ. ಈ ವರ್ಷ ಅಧ್ಯಕ್ಷರು ಒಂದು ಸೋಮವಾರ ಆಧ್ಯಾತ್ಮಿಕ ಚಲನಚಿತ್ರವನ್ನು ತೋರಿಸೋಣವೆಂದರು. ಸಭೆ ಎಚ್ಚರಗೊಂಡದ್ದು ಆಗಲೇ. ಆದರೆ ಯಾವುದನ್ನು ಆಧ್ಯಾತ್ಮಿಕ ಚಿತ್ರವೆನ್ನಬೇಕು? ಮೂವತ್ತೈದು ವರ್ಷ ಸಂಸ್ಕೃತ ಕಲಿಸಿದವನೆಂಬ ಗೌರವದಿಂದ ನಿರ್ಣಯದ ಹೊಣೆಯನ್ನು ನನಗೆ ಒಪ್ಪಿಸಿದರು. ನಾನು ವಿನೋಬನಗರದ ಮನೆಯಲ್ಲಿ ಎರಡು ದಿನ ಕುಳಿತು, ಕಾವ್ಯಕ್ಕೆ ಲಕ್ಷಣ ಹೇಳಿದವರ ಜಾಡಿನಲ್ಲಿ ಆಧ್ಯಾತ್ಮಿಕ ಚಿತ್ರಕ್ಕೆ ಒಂಬತ್ತು ಲಕ್ಷಣಗಳನ್ನು ಬರೆದೆ. ಮೊದಲನೆಯದು, ದೇವತೆಯ ಅಥವಾ ಶರಣರ ಪಾತ್ರವಿರಬೇಕು. ಎರಡನೆಯದು, ನಾಯಕನು ಧೂಮಪಾನ ಮಾಡಬಾರದು. ಮೂರನೆಯದು, ಮಂತ್ರಗಳ ಉಚ್ಚಾರಣೆ ಶುದ್ಧವಾಗಿರಬೇಕು. ಉಳಿದ ಆರನ್ನು ಹೇಳಿ ನಿಮ್ಮನ್ನು ದಣಿಸುವುದಿಲ್ಲ.

ಒಂಬತ್ತೇ ಏಕೆಂದರೆ, ರಸಗಳು ಒಂಬತ್ತು. ಒಂಬತ್ತನೆಯದಾದ ಶಾಂತರಸವನ್ನು ರಂಗದ ಮೇಲೆ ತೋರಿಸಬಹುದೇ ಎಂದು ಹಿಂದಿನವರು ಬಹಳ ಜಗ್ಗಾಡಿದ್ದಾರೆ. ಚೇಷ್ಟೆಯೆಲ್ಲ ಅಡಗಿದ ಸ್ಥಿತಿಯೇ ಶಾಂತವಾದರೆ ನಟನು ಅಭಿನಯಿಸುವುದೇನನ್ನು? ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಕೇಳಿದ್ದೇನೆ. ಉತ್ತರವನ್ನು ಮಾತ್ರ ಪರೀಕ್ಷೆಗೆ ಬೇಕಾದಷ್ಟೇ ಹೇಳಿದ್ದೇನೆ.

ನನ್ನ ಬಾಲ್ಯಸ್ನೇಹಿತ ಚನ್ನಬಸಪ್ಪನಿಗೆ ಇಂಥ ಜಗ್ಗಾಟಗಳೆಂದರೆ ಆಗದು. ಅವನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯ ಮುಂದೆ ಬೆವರು ಸುರಿಸಿ ನಿವೃತ್ತನಾದವನು. ಸತ್ಸಂಗಕ್ಕೆಂದು ಸೋಮವಾರಗಳಂದು ಬಸ್ಸು ಹಿಡಿದು ಬರುತ್ತಾನೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಭದ್ರಾವತಿಯ ಟಾಕೀಸಿನಲ್ಲಿ ನೋಡಿದ ‘ದೇವರ ಸಿನಿಮಾ’ಗಳಿಗೆ ಲೆಕ್ಕವಿಲ್ಲ. ಅಂಥ ಚಿತ್ರ ಬಂದಾಗ ಜನ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಹೋಗುತ್ತಿದ್ದರು. ಪರದೆಯ ಮೇಲೆ ಶಿವನು ಪ್ರತ್ಯಕ್ಷನಾದಾಗ ಹೆಂಗಸರು ಎದ್ದು ನಿಂತು ಕೈಮುಗಿಯುತ್ತಿದ್ದರು. ಗುಡಿಯಲ್ಲಿ ನೈವೇದ್ಯದ ಹೊತ್ತಿಗೆ ಎಳೆದ ಪರದೆ ಸರಿದರೆ ದರ್ಶನ. ಟಾಕೀಸಿನಲ್ಲಿ ಪರದೆಯೇ ದರ್ಶನ. ಮರೆಮಾಡುವುದೂ ಶಿವನ ಐದು ಕೃತ್ಯಗಳಲ್ಲಿ ಒಂದೆನ್ನುವ ನಮ್ಮ ಶಾಸ್ತ್ರಕ್ಕೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಆಟ ಮುಗಿದ ಮೇಲೆ ಬಾಗಿಲಲ್ಲಿ ಮಾತ್ರ ವೈರಾಗ್ಯವೆಲ್ಲ ಕರಗುತ್ತಿತ್ತು. ಚಪ್ಪಲಿಗಳು ಅದಲುಬದಲಾಗಿ, ಚನ್ನಬಸಪ್ಪನು ಎಷ್ಟೋ ಸಲ ನನ್ನವನ್ನೇ ಮೆಟ್ಟಿಕೊಂಡು ಹೋಗಿದ್ದಾನೆ.

ಇಂಥವನು ಸತ್ಸಂಗಕ್ಕೆ ಸೂಚಿಸಿದ ಚಿತ್ರ ಎಂಥದು ಗೊತ್ತೇ? ಹೆದ್ದಾರಿಯ ಬದಿಯಲ್ಲಿ ಪಂಕ್ಚರ್ ಹಾಕುವ ಒಬ್ಬ ಮುದುಕನ ಕಥೆ. “ಅದರಲ್ಲಿ ದೇವ್ರು ಬರಲ್ಲ ಮಾರಾಯ, ಆದ್ರೆ ಇದಾನೆ” ಎಂದು ಹೇಳಿ, ಒಂದು ಪೆನ್‌ಡ್ರೈವನ್ನು ನನ್ನ ಅಂಗೈಯಲ್ಲಿಟ್ಟು, “ಪೂರ್ತಿ ನೋಡು. ಆಮೇಲೆ ಏನು ಬೇಕಾದ್ರೂ ಅನ್ನು” ಎಂದಿದ್ದ.

ನಾನು ನೋಡಲಿಲ್ಲ. ಪಂಕ್ಚರಿನಲ್ಲಿ ಪರಮಾರ್ಥವೇನಿದ್ದೀತು ಎಂಬ ಉದಾಸೀನದಿಂದ ಅದನ್ನು ಕನ್ನಡಕದ ಡಬ್ಬಿಯಲ್ಲಿಟ್ಟು ಮರೆತೆ. ಸೋಮವಾರ ಬಂದೇಬಿಟ್ಟಿತು. ಲಕ್ಷಣಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಅಭಿಪ್ರಾಯ ಬರೆದು ಸಭೆಯಲ್ಲಿ ಗಟ್ಟಿಯಾಗಿ ಓದಿದೆ: “ಪೂರ್ತಿಯಾಗಿ ನೋಡಿದೆ. ಇದರಲ್ಲಿ ದೈವದ ಸುಳಿವಿಲ್ಲ. ಮಂತ್ರಶುದ್ಧಿಯಂತೂ ಹೇಳಹೆಸರಿಲ್ಲ.” ಚನ್ನಬಸಪ್ಪ ನಕ್ಕು, “ಮೇಷ್ಟ್ರು ಫೇಲ್ ಮಾಡಿದ್ರು ಬಿಡ್ರಪ್ಪ” ಎಂದ.

ಗುರುವಾರ ಬೆಳಿಗ್ಗೆ ಅವನ ಮಗಳು ಶಶಿಕಲಾ ಫೋನು ಮಾಡಿದಳು. ಯಾವಾಗಲೂ ಆರೋಗ್ಯ ವಿಚಾರಿಸಿ ಮಾತಿಗಿಳಿಯುವವಳು ಅಂದು ನೇರವಾಗಿ ಕೇಳಿದಳು.

“ದೊಡ್ಡಪ್ಪ, ಆ ಪೆನ್‌ಡ್ರೈವ್ ನಿಮ್ಮ ಹತ್ರಾನೇ ಇದೆಯಾ?”

“ಇದೆಯಮ್ಮ. ಏಕೆ?”

“ಅಪ್ಪ ಅದಲುಬದಲಾಗಿ ಬೇರೆದನ್ನ ಕೊಟ್ಟುಬಿಟ್ಟಿದಾರೆ. ಸಿನಿಮಾ ಇಲ್ಲೇ ಇದೆ. ನಿಮ್ಮ ಹತ್ರ ಇರೋದು ಅಮ್ಮನ ವಿಡಿಯೋ. ಅವರು ಹೋಗೋ ಮುಂಚೆ ಪೂಜೆ ಮಾಡ್ತಿದ್ದಾಗ ನಾನು ಮೊಬೈಲಲ್ಲಿ ತೆಗೆದಿದ್ದು. ಅದೊಂದೇ ಇರೋದು. ನಿನ್ನೆ ಗೊತ್ತಾದಾಗಿಂದ ಅಪ್ಪ ಮಾತೇ ಆಡ್ತಿಲ್ಲ. ನೀವು ಪೂರ್ತಿ ನೋಡಿದೀನಿ ಅಂದ್ರಂತಲ್ಲ. ದೈವ ಇಲ್ಲ ಅಂದ್ರಂತಲ್ಲ...” ಎಂದು ಫೋನಿಟ್ಟಳು.

ಚನ್ನಬಸಪ್ಪನ ಮಡದಿ ಪಾರ್ವತಮ್ಮ ಲಿಂಗೈಕ್ಯಳಾಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಆಕೆಯ ಕೊನೆಯ ಪೂಜೆಯನ್ನು ನೋಡಿ ನಾನು ‘ದೈವದ ಸುಳಿವಿಲ್ಲ’ ಎಂದಂತಾಯಿತು! ಕನ್ನಡಕದ ಡಬ್ಬಿಯನ್ನು ತೆರೆದರೆ ಅದರಲ್ಲಿ ಕನ್ನಡಕ ಮಾತ್ರವಿತ್ತು. ಅಲಮಾರು, ಮೇಜು, ಅಂಗಿಯ ಜೇಬು, ಹಾಸಿಗೆಯ ಕೆಳಗೆ ಎಲ್ಲವನ್ನೂ ತಡಕಿದೆ. ನನ್ನ ಮಡದಿ ಅಡುಗೆಮನೆಯಿಂದ ಬಂದು, “ಪೆನ್‌ಡ್ರೈವ್ ಹುಡುಕ್ತಿದೀರಾ? ಡಬ್ಬಿ ಬಾಯಿ ಮುಚ್ತಿರಲಿಲ್ಲ, ತೆಗೆದು ದೇವರ ಗೂಡಲ್ಲಿಟ್ಟಿದ್ದೆ” ಎಂದು ವಿಭೂತಿಗಟ್ಟಿಯ ಪಕ್ಕದಿಂದ ಅದನ್ನು ತಂದು ಟೀವಿಗೆ ಚುಚ್ಚಿದಳು. ಆ ಯಂತ್ರದ ಮರ್ಮ ಆಕೆಗೇ ಗೊತ್ತು.

ಹದಿನೆಂಟು ನಿಮಿಷದ ಚಿತ್ರ. ಅಲುಗಾಡುವ ಚೌಕಟ್ಟಿನೊಳಗೆ ಒಂದು ಮಂಚ. ದಿಂಬಿಗೊರಗಿ ಕುಳಿತ ಪಾರ್ವತಮ್ಮನ ಎಡಗೈಯಲ್ಲಿ ಇಷ್ಟಲಿಂಗ. ಕೈ ನಡುಗುತ್ತಿತ್ತು. ಬಲಗೈಯಿಂದ ಎಡಗೈಯನ್ನು ಹಿಡಿದು ನಿಲ್ಲಿಸಿಕೊಂಡು ಮಂತ್ರ ಹೇಳತೊಡಗಿದಳು. ‘ಶ’ಕಾರವೆಲ್ಲ ‘ಸ’ಕಾರ. ಅರ್ಧಕ್ಕೆ ಬಂದು ಮರೆತಳು. ಮೊದಲಿನಿಂದ ಹೇಳಿದಳು, ಅದೇ ಜಾಗದಲ್ಲಿ ಮತ್ತೆ ಮರೆತಳು. ಆಮೇಲೆ ನಕ್ಕು, “ಮೇಷ್ಟ್ರು ಕೇಳಿಸ್ಕೊಂಡ್ರೆ ಬೈತಾರೆ” ಎಂದಳು. ಬಳಿಕ ಅಂಗೈಯನ್ನು ಕಣ್ಣಿನ ಹತ್ತಿರಕ್ಕೆ ತಂದು, ಮಗುವಿನೊಡನೆ ಮಾತಾಡುವಂತೆ, “ಮುಂದಿಂದು ನಿಂಗೆ ಗೊತ್ತಲ್ಲಪ್ಪ. ನೀನೇ ಹೇಳ್ಕೊ, ನಾನು ಕೇಳಿಸ್ಕೋತೀನಿ” ಎಂದು ಕಣ್ಣು ಮುಚ್ಚಿದಳು. ಉಳಿದ ಹತ್ತು ನಿಮಿಷ ಆಕೆ ಕೇಳಿಸಿಕೊಳ್ಳುತ್ತಿದ್ದಳು. ಕೈಯ ನಡುಕ ಯಾವಾಗ ನಿಂತಿತೆಂದು ನನಗೆ ತಿಳಿಯಲಿಲ್ಲ.

ಮೇಷ್ಟ್ರೆಂದರೆ ನಾನೇ. ಆಕೆ ಮದುವೆಯಾಗಿ ಬಂದ ಹೊಸದರಲ್ಲಿ, ಹತ್ತು ಜನರ ನಡುವೆ, ಆಕೆಯ ಉಚ್ಚಾರಣೆಯನ್ನು ತಿದ್ದಿದ್ದೆ. ನಾನು ಅದನ್ನು ಅಂದೇ ಮರೆತಿದ್ದೆ.

ಈಗ ಮಾಡುವುದೇನು? ‘ನಾನು ನೋಡಿರಲೇ ಇಲ್ಲ’ ಎಂದರೆ ಸ್ನೇಹಿತನ ನೋವು ಇಳಿದೀತು, ಆದರೆ ದೇವರ ಎದುರು ಸುಳ್ಳು ಓದಿದ ಸಂಸ್ಕೃತ ಪಂಡಿತನೆಂಬ ಹೆಸರು ಕೋಟೆಯಿಂದ ಗಾಂಧಿ ಬಜಾರಿನವರೆಗೆ ಹಬ್ಬುತ್ತದೆ. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ಸ್ನೇಹಿತ ಉಳಿಯುವುದಿಲ್ಲ. ಓದಿದ ಬುದ್ಧಿ ಮೂರನೆಯ ದಾರಿಯೊಂದನ್ನು ಹುಡುಕಿತು: “ನೋಡಿದೆ, ಆದರೆ ಅದು ಚಲನಚಿತ್ರವಲ್ಲವಾದ್ದರಿಂದ ಆ ದೃಷ್ಟಿಯಿಂದ ಮಾತ್ರ ಹಾಗೆ ಬರೆದೆ ಎಂದರೆ ಹೇಗೆ?” ಎಂದು ಮಡದಿಯನ್ನು ಕೇಳಿದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಒಂದು ಸುಳ್ಳಿಗೆ ಇನ್ನೊಂದನ್ನ ಪೋಣಿಸ್ಬೇಡಿ. ನಾಳೆ ಬೆಳಿಗ್ಗೆ ಬಸ್ ಹತ್ತಿ” ಎಂದಳು.

ಭದ್ರಾವತಿಗೆ ಮುಕ್ಕಾಲು ಗಂಟೆಯ ದಾರಿ. ಶುಕ್ರವಾರ ಅದು ಮುಗಿಯಲೇ ಇಲ್ಲ; ಮುಗಿದಾಗ, ಇಷ್ಟು ಬೇಗ ಏಕೆ ಮುಗಿಯಿತೆನಿಸಿತು. ಮೇಲಿನ ಜೇಬಿನಲ್ಲಿದ್ದ ಪೆನ್‌ಡ್ರೈವನ್ನು ಹತ್ತು ಸಲವಾದರೂ ಮುಟ್ಟಿ ನೋಡಿಕೊಂಡಿದ್ದೆ. ಚನ್ನಬಸಪ್ಪ ಜಗಲಿಯ ಮೇಲೆ ಕುಳಿತಿದ್ದ. ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ‘ಬಾ’ ಎನ್ನದೆ “ಬನ್ನಿ” ಎಂದ. ಆ ಬಹುವಚನ ನನ್ನನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿರಲಿಲ್ಲ.

ಪೆನ್‌ಡ್ರೈವನ್ನು ಅವನ ಅಂಗೈಯಲ್ಲಿಟ್ಟು, ಕೂರದೆ, ನಿಂತೇ ಹೇಳಿದೆ: “ಚನ್ನಬಸಪ್ಪ, ನಾನು ಅದನ್ನು ನೋಡಿರಲಿಲ್ಲ. ನೋಡಿದ್ದು ನಿನ್ನೆ.”

ಅವನು ತಲೆಯೆತ್ತಿದ. “ಸೋಮವಾರ ನೋಡಿರಲಿಲ್ವ?”

“ಇಲ್ಲ.”

“ಪೂರ್ತಿ ನೋಡಿದೆ ಅಂತ ಓದಿದೆಯಲ್ಲ?”

“ಸುಳ್ಳು ಓದಿದೆ.”

“ದೇವಸ್ಥಾನದಲ್ಲಿ?”

“ಹೌದು.”

“ವಿಭೂತಿ ಹಚ್ಕೊಂಡು?”

“ಹೌದಪ್ಪ, ಹೌದು.”

ಅವನು ನನ್ನ ಮುಖವನ್ನೇ ನೋಡಿದ. ಈಗಲೂ ಸುಳ್ಳಾಡುತ್ತಿರುವೆನೇ ಎಂದು ಅಳೆಯುತ್ತಿದ್ದನೆಂದು ತೋರುತ್ತದೆ. ಆಮೇಲೆ ಅವನ ಭುಜಗಳು ಇಳಿದವು. “ಅಯ್ಯೋ ನಿನ್ನ! ಎಂಥಾ ಒಳ್ಳೆ ಸುಳ್ಳು ಹೇಳಿದ್ದೆ ಮಾರಾಯ, ಬದುಕ್ಸಿದೆ ನನ್ನ” ಎಂದವನು ಕಣ್ಣೊರೆಸಿಕೊಂಡು ಒಳಗೆ ಕೂಗಿದ: “ಶಶೀ, ಕಾಫಿ ತಾರಮ್ಮ. ಮೇಷ್ಟ್ರಿಗೆ ಸಕ್ಕರೆ ಹಾಕ್ಬೇಡ, ಶಿಕ್ಷೆ.” ನನ್ನ ಕಡೆ ತಿರುಗಿ ಮೆಲ್ಲಗೆ, “ಅವಳು ‘ಬೈತಾರೆ’ ಅಂದಿದ್ದು ಕೇಳಿಸ್ಕೊಂಡ್ಯಾ?” ಎಂದ.

“ಕೇಳಿಸಿಕೊಂಡೆ. ತಿದ್ದುವಂಥದ್ದು ಏನೂ ಇರಲಿಲ್ಲ” ಎಂದೆ.

ಆಮೇಲೆ ಅವನು ನನ್ನನ್ನು ಬಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಪಂಕ್ಚರ್ ಮುದುಕನ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಿದ. ನಡುವೆ ತೂಕಡಿಸಿದವನು ಅವನೇ, ನಾನಲ್ಲ. ಮುದುಕ ಬೀಡಿ ಸೇದುತ್ತಾನೆ. ಮಂತ್ರವಂತೂ ಇಲ್ಲವೇ ಇಲ್ಲ. ಗಾಳಿ ತುಂಬಿದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಇಂಚಿಂಚೇ ತಿರುಗಿಸುತ್ತ, ಗುಳ್ಳೆ ಎಲ್ಲಿ ಏಳುತ್ತದೆಂದು ಉಸಿರು ಹಿಡಿದು ನೋಡುತ್ತಾನೆ, ಅಷ್ಟೆ. ಶಾಂತರಸವನ್ನು ಅಭಿನಯಿಸಬಹುದೇ ಎಂಬ ಹಳೆಯ ಪ್ರಶ್ನೆ ನೆನಪಿಗೆ ಬಂತು. ತನ್ನ ತೂತು ಎಲ್ಲಿದೆಯೆಂದು ಇಷ್ಟು ತಾಳ್ಮೆಯಿಂದ ನೋಡುವುದಕ್ಕಿಂತ ದೊಡ್ಡ ಸಾಧನೆ ಯಾವುದಿದ್ದೀತು? ನನ್ನ ಗುಳ್ಳೆ ಆಗಲೇ ಎದ್ದಿತ್ತು. ತೇಪೆ ಹಾಕುವುದೊಂದು ಬಾಕಿಯಿತ್ತು.

ಮುಂದಿನ ಸೋಮವಾರ ಸಭೆಯಲ್ಲಿ ಎದ್ದುನಿಂತೆ. ನೋಡದ ಚಿತ್ರವನ್ನು ನೋಡಿದೆನೆಂದು ಓದಿದ್ದು ತಪ್ಪೆಂದು ಹೇಳಿ ಕೈಮುಗಿದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಮುಂದಿನ ಸಾಲಿನವರೊಬ್ಬರು ಎದ್ದು ಹೊರಗೆ ಹೋದರು. ಅವರು ಈಗಲೂ ನನ್ನೊಡನೆ ಮಾತಾಡುವುದಿಲ್ಲ, ಅದು ನ್ಯಾಯವೇ. ನಾನು ಪಟ್ಟಿಯನ್ನು ತೆಗೆದು, ಒಂಬತ್ತು ಲಕ್ಷಣಗಳ ತಲೆಯ ಮೇಲೆ ಹೊಸದಾಗಿ ಬರೆದುದನ್ನು ಓದಿದೆ: “ಮೊಟ್ಟಮೊದಲ ಲಕ್ಷಣ. ಚಿತ್ರವನ್ನು ನೋಡಿರಬೇಕು.”

ಹಿಂದಿನ ಸಾಲಿನಿಂದ ಚನ್ನಬಸಪ್ಪನ ಧ್ವನಿ ಬಂತು: “ಅದು ಸಿನಿಮಾದ ಲಕ್ಷಣ ಅಲ್ಲ ಮೇಷ್ಟ್ರೇ, ನೋಡೋರ ಲಕ್ಷಣ!”

ನಗು ಎದ್ದಿತು. ಆ ನಗುವಿನ ನಡುವೆಯೇ ಪಂಕ್ಚರಿನ ಚಿತ್ರ ಆರಂಭವಾಯಿತು. ಯಾರೂ ಎದ್ದು ಕೈಮುಗಿಯಲಿಲ್ಲ; ಹೆಚ್ಚು ಮಂದಿ ನಿದ್ರಿಸಲೂ ಇಲ್ಲ.

ಮುಗಿದ ಮೇಲೆ ಬಾಗಿಲಿಗೆ ಬಂದರೆ ನನ್ನ ಚಪ್ಪಲಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಅಂಗುಲ ದೊಡ್ಡದಾದ, ಎಡಗಡೆಗೆ ಸವೆದ ಜೋಡಿಯೊಂದು ಇತ್ತು. ಫೋನು ಮಾಡಿದಾಗ ಚನ್ನಬಸಪ್ಪ ಆಗಲೇ ಭದ್ರಾವತಿಯ ಬಸ್ಸಿನಲ್ಲಿದ್ದ.

“ಅಲ್ಲಯ್ಯಾ, ನೋಡಿ ಹಾಕಿಕೊಳ್ಳಬಾರದೇ?” ಎಂದೆ.

“ನೋಡೋದನ್ನ ಮಾತ್ರ ನೀನು ನಂಗೆ ಹೇಳಿಕೊಡ್ಬೇಡ” ಎಂದ.