ಗುಡುಗಣ್ಣನ ಕೊನೆಯ ಪುಟ

ಅವರ ಬಲಗೈ ಹೆಬ್ಬೆರಳಿನ ಉಗುರು ಹಳದಿಗಟ್ಟಿ ಉದ್ದಕ್ಕೆ ಬೆಳೆದಿತ್ತು. ಉಳಿದ ಉಗುರುಗಳನ್ನೆಲ್ಲ ಚೊಕ್ಕವಾಗಿ ಕತ್ತರಿಸಿಕೊಳ್ಳುತ್ತಿದ್ದ ಕಟಿಂಗ್ ಶಾಪಿನಣ್ಣ ಅದೊಂದನ್ನು ಮಾತ್ರ ಕಾಮಿಕ್ಸ್ ಪುಸ್ತಕಗಳ ಕೊನೆಯ ಪುಟ ಹರಿಯುವುದಕ್ಕೆಂದೇ ಬಿಟ್ಟುಕೊಂಡಿದ್ದರು. ಪಿನ್ನಿನ ಪಕ್ಕ ಉಗುರಿಟ್ಟು ಎಳೆದರೆ ಹಾಳೆ ನೀಟಾಗಿ ಕೈಗೆ ಬರುತ್ತಿತ್ತು. ಗಡ್ಡ ಹೆರೆಯುವಾಗ ಕತ್ತಿಯ ನೊರೆ ಒರೆಸಲು ಅದು. ನ್ಯೂಸ್‌ಪೇಪರ್ ಇರಲಿಲ್ಲವೆಂದಲ್ಲ, ಮೂಲೆಯಲ್ಲಿ ರಾಶಿ ಬಿದ್ದಿತ್ತು.

ಕುಣಿಗಲ್‌ನ ನಮ್ಮ ಬೀದಿಯ ಆ ಅಂಗಡಿಯಲ್ಲೇ ನಾನು ಗುಡುಗಣ್ಣನನ್ನು ಮೊದಲು ಕಂಡದ್ದು. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದ ಹೆಸರುವಾಸಿ ವೀರರ ಪೈಕಿಯವನಲ್ಲ ಇವನು. ಯಾರೋ ಬಡ ಪ್ರಕಾಶಕರು ಅಚ್ಚು ಹಾಕಿಸಿ, ಮಾರಾಟವಾಗದೆ ಗುಬ್ಬಿಯ ರದ್ದಿ ಅಂಗಡಿ ಸೇರಿದ ಸರಕು. ಅಣ್ಣ ಅಲ್ಲಿಂದ ತೂಕಕ್ಕೆ ತರುತ್ತಿದ್ದರು. ಕೆಂಪು ಬಣ್ಣ ಗೆರೆ ದಾಟಿ ಎಲ್ಲರ ತುಟಿಯೂ ಕೆನ್ನೆಗೆ ಬಂದಿರುತ್ತಿತ್ತು. ಗುಡುಗಣ್ಣ ಪಂಚೆ ಎತ್ತಿ ಕಟ್ಟಿ ಚಪ್ಪಾಳೆ ತಟ್ಟಿದರೆ ಗುಡುಗು ಹೊರಟು ಕಳ್ಳರ ಜೀಪೇ ಮಗುಚಿಕೊಳ್ಳುತ್ತಿತ್ತು. ಪ್ರತಿ ಚಪ್ಪಾಳೆಗೂ ಅವನ ಕಿವಿ ಒಂದಿಷ್ಟು ಮಂದವಾಗುತ್ತಿತ್ತು. ಅವನೆಂದರೆ ನನಗೆ ಪ್ರಾಣ. ಆದರೆ ಅವನು ಬಾವಿಯೊಳಗೋ ಬೆಂಕಿಯೊಳಗೋ ಸಿಕ್ಕಿಕೊಳ್ಳುವ ಹೊತ್ತಿಗೆ ಪುಸ್ತಕ ಮುಗಿದಿರುತ್ತಿತ್ತು.

“ಕೊನೇಲಿ ಏನಾದ ಅಣ್ಣ?”

“ಸತ್ತ.”

“ಹೋದ್ಸಲಾನೂ ಸತ್ತ ಅಂದ್ರಲ್ಲ?”

“ಅವತ್ತು ಸರಿಯಾಗ್ ಸತ್ತಿರ್ಲಿಲ್ಲ. ಈಗ ಸರಿಯಾಗ್ ಸತ್ತವ್ನೆ. ತಲೆ ಬಗ್ಸ್ಲಾ.”

ಕಾದು ಕೂತ ಗಿರಾಕಿಗಳು ನಗುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂದರೆ ಅಣ್ಣನಿಗೆ ಹಬ್ಬ. ಕೈಗನ್ನಡಿಯನ್ನು ನನ್ನ ಮುಖಕ್ಕೆ ಹಿಡಿದು, “ನೋಡ್ಕೊ, ಗುಡುಗು ಆಯ್ತು, ಮಳೇನೂ ಬಂತು” ಅನ್ನುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹೋದರು. ಕರ್ಮದ ದಿನ ಕೆರೆ ಏರಿಯ ಕೆಳಗೆ ನನ್ನ ತಲೆ ಬೋಳಿಸಲು ಬಂದವರೂ ಅಂಗಡಿಯ ಅಣ್ಣನೇ. ಕತ್ತಿ ಒರೆಸಲು ಚೀಲದಿಂದ ಒಂದು ಹಾಳೆ ತೆಗೆದು ಕಲ್ಲಿನ ಮೇಲೆ ಹಾಸಿದರು. ಅದೊಂದು ಕೊನೆಯ ಪುಟ. ಬೆಂಕಿಯಿಂದ ಆಚೆ ಬಂದ ಗುಡುಗಣ್ಣ ಸೊಂಟಕ್ಕೆ ಕೈಯಿಟ್ಟು ನಗುತ್ತಿದ್ದ. ಅವನ ಮುಖದ ಮೇಲೆ ನನ್ನ ಕೂದಲು ಬೀಳತೊಡಗಿತು.

“ಸತ್ತಿಲ್ವಲ್ಲ ಅಣ್ಣ” ಅಂದೆ.

“ಪುಸ್ತಕದಲ್ಲಿ ಯಾವನ್ಲಾ ಸಾಯ್ತನೆ? ಸಾಯೋದು ನಿಮ್ಮಪ್ಪನಂಥವ್ರು.” ಕತ್ತಿ ನಿಲ್ಲಲಿಲ್ಲ. “ಅಲ್ಲಾಡ್‌ಬ್ಯಾಡ, ಕುಯ್ದೋಯ್ತದೆ.”

ಅಪ್ಪ ದೇವರ ಹತ್ತಿರ ಹೋಗಿದ್ದಾರೆ, ಎಲ್ಲ ನೋಡುತ್ತಿರುತ್ತಾರೆ ಎಂದು ನೆಂಟರಿಷ್ಟರೆಲ್ಲ ನನ್ನ ಕಿವಿ ತುಂಬುತ್ತಿದ್ದ ದಿನಗಳವು. ಅಪ್ಪ ಸತ್ತರು ಎಂದು ನನಗೆ ಹೇಳಿದವರು ಅವರೊಬ್ಬರೇ. ಅವತ್ತು ಆ ಕತ್ತಿ ಕಿತ್ತುಕೊಂಡು ಅವರಿಗೇ ಹಾಕಬೇಕು ಅನ್ನಿಸಿತ್ತು. ಈಗಲೂ ಒಂದೊಂದು ಸಲ ಅನ್ನಿಸುತ್ತದೆ.

ಹೋದ ವರ್ಷ ತುಮಕೂರಿನ ಹಳೇ ಪುಸ್ತಕದಂಗಡಿಯಲ್ಲಿ ಗುಡುಗಣ್ಣನ ಪುಸ್ತಕವೊಂದು ಸಿಕ್ಕಿತು, ಕೊನೆಯ ಪುಟದ ಸಮೇತ. ಅಣ್ಣ ಆಗ ಗುಬ್ಬಿಯಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಕಣ್ಣು ಕಾಣುತ್ತಿರಲಿಲ್ಲ. ಹೆಬ್ಬೆರಳಿನ ಉಗುರನ್ನು ಮಗಳು ಕತ್ತರಿಸಿಬಿಟ್ಟಿದ್ದಳು. ಪಕ್ಕದಲ್ಲಿ ಕೂತು ಪುಸ್ತಕ ಓದಿ ಹೇಳಿದೆ. ಬಾವಿಯ ನೀರು ಗುಡುಗಣ್ಣನ ಕುತ್ತಿಗೆಗೆ ಬಂದಾಗ ನನ್ನ ಕೈ ಹಿಡಿದುಕೊಂಡರು.

“ಬದುಕ್ತನೇನ್ಲಾ?”

ಕೊನೆಯ ಪುಟದಲ್ಲಿ ಅವನು ಬಾವಿಕಟ್ಟೆಯ ಮೇಲೆ ಕೂತು ಪಂಚೆ ಹಿಂಡುತ್ತಿದ್ದ.

“ಇಲ್ಲ ಅಣ್ಣ. ಸತ್ತ.”

“ಸರಿಯಾಗ್ ಸತ್ನಾ?”

“ಸರಿಯಾಗೇ ಸತ್ತ.”

ಹಲ್ಲಿಲ್ಲದ ಬಾಯಲ್ಲಿ ನಕ್ಕರು. “ಕಲ್ತ್ಕೊಂಡೆ ಬುಡು” ಅಂದು ಗೋಡೆಯ ಕಡೆ ತಿರುಗಿದರು.

ಆ ವಾರವೇ ಅವರ ಮಗಳ ಫೋನು ಬಂತು. “ಅಪ್ಪ ದೇವ್ರ ಪಾದ ಸೇರ್ಕೊಂಡ್ರು ಕಣಣ್ಣ” ಅಂದಳು.

“ಸತ್ರೇನಮ್ಮ?” ಎಂದು ಕೇಳಿದೆ.

“ಸತ್ರು” ಅಂದವಳೇ ಜೋರಾಗಿ ಅತ್ತಳು.