ಸ್ಪ್ರೇಯರ್ ಬ್ಯಾಟರಿಯೂ ನನ್ನ ಬಾಯಿಯೂ

ಬ್ಯಾಟರಿಯ ಬಗ್ಗೆ ನನ್ನನ್ನು ಯಾರೂ ಏನೂ ಕೇಳದಿದ್ದರೆ ಸಾಕು ಅನ್ನಿಸುತ್ತದೆ ಈಗೀಗ. ಬಾಳ್ಳುಪೇಟೆಯಲ್ಲಂತೂ ಬೇಡವೇ ಬೇಡ.

ಲಿಥಿಯಂ ಬ್ಯಾಟರಿಯ ಒಳಗಿನ ದ್ರವದಲ್ಲಿ ಕಲ್ಮಶ ಸೇರಿದರೆ ಏನಾಗುತ್ತದೆ ಎಂಬುದೇ ನನ್ನ ಸಂಶೋಧನೆ. ಮೊದಲ ಸಲ ಚಾರ್ಜ್ ಮಾಡಿದಾಗ ಎಲೆಕ್ಟ್ರೋಡಿನ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಅದೇ ಅದಕ್ಕೆ ರಕ್ಷಣೆ. ತಯಾರಿಸುವಾಗಲೇ ದ್ರವದಲ್ಲಿ ಚೂರು ತೇವ ಉಳಿದಿದ್ದರೂ ಆಮ್ಲ ಹುಟ್ಟಿ ಆ ಪೊರೆಯನ್ನು ತಿನ್ನುತ್ತದೆ. ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ, ಪ್ರತಿ ಸಲವೂ ಒಂದಿಷ್ಟು ಲಿಥಿಯಂ ಖರ್ಚು. ಹೀಗೇ ಬ್ಯಾಟರಿ ಸೊರಗುತ್ತಾ ಹೋಗುತ್ತದೆ. ನಮ್ಮೂರು ಪಾಳ್ಯದ ಮನೆಯಲ್ಲಿ ಇದನ್ನು ಹೇಳಿದಾಗ ಅಣ್ಣ, "ಸರಿಯಾಗಿ ಒಣಗ್ದಿರೋ ಕಾಫಿನ ಮೂಟೆ ಕಟ್ದಂಗೆ ಅನ್ನು" ಎಂದ. ಮಾರನೆಯ ದಿನದಿಂದ, ನನ್ನ ತಂಗಿ ಬ್ಯಾಟರಿ ವಿಜ್ಞಾನಿ ಎಂದು ಊರಿಗೆಲ್ಲ ಡಂಗುರ ಸಾರತೊಡಗಿದ.

ಕಾಫಿಗೆ ಔಷಧಿ ಹೊಡೆಯಲು ಅವನು ತಂದಿದ್ದ ಸ್ಪ್ರೇಯರ್‌ನ ಹೊಸ ಬ್ಯಾಟರಿ ಒಂದು ಟ್ಯಾಂಕ್ ಮುಗಿಯುವ ಮೊದಲೇ ಕೈಕೊಡುತ್ತಿತ್ತು. ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನಾನೇ ನೋಡಿದೆ. ಒಳಗೆ ಎಲ್ಲ ಒಣಗಿಯೇ ಇತ್ತು, ತುಕ್ಕಿನ ಕಲೆಯೂ ಇರಲಿಲ್ಲ. ಇಬ್ಬರೂ ಬಾಳ್ಳುಪೇಟೆಯ ಅಂಗಡಿಗೆ ಹೋದೆವು.

"ನೀರು ಬೀಳಿಸ್ಬುಟ್ಟಿದೀರ. ವಾರಂಟಿ ಬರಲ್ಲ ಕಣ್ರೀ" ಎಂದ ಅಂಗಡಿಯವನು.

ಅಣ್ಣ ಜಗಳಕ್ಕಿಳಿಯಲಿಲ್ಲ. ಗತ್ತಿನಿಂದ ನನ್ನನ್ನು ಮುಂದೆ ಮಾಡಿದ. "ನಮ್ ತಂಗಿ ಓದಿರೋದೇ ಇದ್ನ. ಅವಳು ಹೇಳಿದ್ದೇ ಫೈನಲ್."

ಗಿರಾಕಿಗಳೆಲ್ಲ ತಿರುಗಿ ನೋಡಿದರು.

"ಹೇಳಿ ಮೇಡಂ, ಬ್ಯಾಟ್ರಿ ಒಳಗಡೇನೇ ದೋಷ ಐತಾ?" ಎಂದು ಅಂಗಡಿಯವನು ಕೇಳಿದ.

"ಸೆಲ್ ಬಿಚ್ಚಿ ಲ್ಯಾಬಿನಲ್ಲಿ ಪರೀಕ್ಷೆ ಮಾಡದೆ ಖಚಿತವಾಗಿ ಹೇಳೋಕಾಗಲ್ಲ" ಅಂದುಬಿಟ್ಟೆ.

ಯಾರೋ ಕಿಸಕ್ಕನೆ ನಕ್ಕರು. ಅಣ್ಣ ಯಾರ ಮುಖವನ್ನೂ ನೋಡದೆ ಬ್ಯಾಟರಿಯನ್ನು ಚೀಲಕ್ಕೆ ಹಾಕಿಕೊಂಡ. ನಾಚಿಕೆಯಿಂದ ನಾನು ಕುಗ್ಗಿಹೋದೆ. ಹೇಳಿದ್ದೇನೂ ಸುಳ್ಳಲ್ಲ, ಪ್ರಬಂಧಗಳಲ್ಲಿ ಹಾಗೇ ಬರೆಯುತ್ತೇವೆ. ಆದರೆ ಅಲ್ಲಿ ನನ್ನ ಪೊರೆ, ಆಮ್ಲ ಯಾರಿಗೆ ಬೇಕಿತ್ತು? ಅಣ್ಣ ನೀರು ಬೀಳಿಸಿಲ್ಲ ಎಂದು ನಾನು ಹೇಳಿದ್ದರೆ ಸಾಕಿತ್ತು. ಅದನ್ನಂತೂ ನಾನು ಕಣ್ಣಾರೆ ಕಂಡಿದ್ದೆ. ಇಷ್ಟು ಓದಿದ ಬಾಯಿಗೆ ಅಷ್ಟು ಸಣ್ಣ ಮಾತು ಹೊಳೆಯಲಿಲ್ಲ.

ಬೈಕಿನಲ್ಲಿ ಊರಿನ ಕಡೆ ಹೊರಟೆವು. ಊರು ಹತ್ತಿರವಾದಾಗ ಅವನು ಹಿಂದೆ ತಿರುಗದೆಯೇ ಕೇಳಿದ: "ನೀನೂ ನಾನೇ ನೀರು ಬೀಳಿಸ್ದೆ ಅನ್ಕಂಡ್ಯಾ?"

"ಇಲ್ಲಣ್ಣ. ಒಳಗೆ ಒಂದು ಹನೀನೂ ಇರ್ಲಿಲ್ಲ."

"ಅದ್ನ ಅಲ್ಲೇ ಅಂದಿದ್ರೆ ಆಗ್ತಿತ್ತಲ್ಲವ್ವ" ಎಂದ.